ಹೋರಿ ತಪಾಸಣೆ: ಎರಡು ತಿಂಗಳು ಮೊದಲೇ ಯಾಕೆ?

ಹಸುಗಳ ಮಂದೆಗೆ ಹೋರಿ ಬಿಡುವ ಮುಂಚೆ ತಪಾಸಣೆ ಮಾಡಿಸಬೇಕು. ಎಷ್ಟು ಮುಂಚೆ? ಸುಮಾರು 60 ದಿನ. ಈ ಅಂಕಿ ಸುಮ್ನೆ ಬಂದದ್ದಲ್ಲ. ವೃಷಣದಲ್ಲಿ ವೀರ್ಯಾಣು ತಯಾರಾಗಲು 61 ದಿನ ಹಿಡಿಯುತ್ತದೆ. ಅದು ಬಲಿತು ಹೊರಬರಲು ಇನ್ನೂ ಒಂದೆರಡು ವಾರ ಬೇಕು. ಹಾಗಾಗಿ ಹಿಂದೆ ಬಂದು ಹೋದ ಜ್ವರದ ಪೆಟ್ಟು ಇವತ್ತಿನ ವೀರ್ಯದಲ್ಲಿ ಕಾಣಬಹುದು. ವೃಷಣ ಮೈಗಿಂತ 2ರಿಂದ 6 ಡಿಗ್ರಿ ಸೆಲ್ಸಿಯಸ್ ತಂಪಾಗಿರಬೇಕು, ಜ್ವರ ಅದನ್ನೇ ಕೆಡಿಸುತ್ತದೆ. ಒಂದು ಸಲ ಫೇಲ್ ಆಯ್ತು ಅಂತ ಹೋರಿಯನ್ನು ಕೂಡಲೇ ಮಾರಬೇಡಿ. ಮತ್ತೆ ಪರೀಕ್ಷಿಸಲು ಸಮಯ ಇರಲಿ ಅಂತಲೇ ಬೇಗ ಶುರು ಮಾಡುವುದು.

ಮೊದಲು ಹೋರಿಯನ್ನು ನಡೆಸಿ ನೋಡಿ. ಹಸುವನ್ನು ಏರುವಾಗ ಮೈಭಾರವೆಲ್ಲ ಹಿಂಗಾಲ ಮೇಲೆ ಬೀಳುತ್ತದೆ. ಗೊರಸು ಬೆಳೆದು ಕುಂಟುವ ಹೋರಿಯ ವೀರ್ಯ ಎಷ್ಟು ಚೆನ್ನಾಗಿದ್ದರೇನು? ಕಣ್ಣೂ ಮುಖ್ಯ, ಬೆದೆಗೆ ಬಂದ ಹಸುವನ್ನು ಹೋರಿ ಬಹುಮಟ್ಟಿಗೆ ನೋಡಿಯೇ ಗುರುತಿಸುತ್ತದೆ. ಮೈ ತೀರಾ ಬಡಕಲೂ ಇರಬಾರದು, ಕೊಬ್ಬೂ ಇರಬಾರದು. ವೃಷಣಚೀಲದ ಕುತ್ತಿಗೆಯಲ್ಲಿ ಕೊಬ್ಬು ಸೇರಿದರೆ ತಂಪಾಗುವುದು ಕಷ್ಟ.

ವೃಷಣದ ಸುತ್ತಳತೆ ತೆಗೆಯುವಾಗ ಬಹಳ ಜನ ಎಡವುತ್ತಾರೆ. ಚೀಲದ ಮೇಲ್ಭಾಗ ಹಿಡಿದು ಎರಡೂ ವೃಷಣಗಳನ್ನು ಮೆಲ್ಲಗೆ ಕೆಳಕ್ಕೆ ತಳ್ಳಿ, ಅತಿ ದಪ್ಪ ಇರುವಲ್ಲಿ ಟೇಪ್ ಸುತ್ತಿ. ಹೆಬ್ಬೆರಳು ಎರಡರ ನಡುವೆ ತೂರಿದರೆ ಅವು ದೂರ ಸರಿದು ಅಳತೆ ಜಾಸ್ತಿ ಬರುತ್ತದೆ. 15 ತಿಂಗಳವರೆಗೆ ಕನಿಷ್ಠ 30, ಎರಡು ವರ್ಷ ದಾಟಿದ ಮೇಲೆ 34 ಸೆಂ.ಮೀ. ಇರಬೇಕು. ಇದು ಯುರೋಪ್ ಮೂಲದ ತಳಿಗಳಿಗೆ. ಬೆನ್ನ ಮೇಲೆ ಡುಬ್ಬ ಇರುವ ತಳಿಗಳು ನಿಧಾನವಾಗಿ ಬಲಿಯುತ್ತವೆ, ಅವುಗಳ ಎಳೆ ಹೋರಿಗಳನ್ನು ಇದೇ ಗೆರೆಯಲ್ಲಿ ಅಳೆಯಬಾರದು.

ವೀರ್ಯದ ಪರೀಕ್ಷೆ ಪಶುವೈದ್ಯರ ಕೆಲಸ. ಎರಡು ಅಂಕಿ ನೆನಪಿಡಿ: ಮುಂದಕ್ಕೆ ಈಜುವ ವೀರ್ಯಾಣು ಕನಿಷ್ಠ 30%, ಸರಿಯಾದ ಆಕಾರದವು ಕನಿಷ್ಠ 70%.

ಇಷ್ಟೆಲ್ಲ ಪಾಸಾದರೂ ಎರಡು ಸಂಗತಿ ಉಳಿಯುತ್ತವೆ. ಟ್ರೈಕೊಮೋನಾಸ್ (ಹಸು ಏರಿದಾಗ ಹರಡುವ ಒಂದು ಸೂಕ್ಷ್ಮಜೀವಿ) ಸೋಂಕಿರುವ ಹೋರಿ ಹೊರಗೆ ಏನೂ ತೋರಿಸುವುದಿಲ್ಲ, ಹಸುಗಳಿಗೆ ಗಬ್ಬ ನಿಲ್ಲದಾಗ ಇಲ್ಲವೇ ಅವು ಕಂದು ಹಾಕಿದಾಗಲೇ ಗೊತ್ತಾಗುವುದು. ಅದಕ್ಕೆ ಬೇರೆ ಸ್ಯಾಂಪಲ್ ತೆಗೆಸಬೇಕು. ಇನ್ನು ಹೋರಿಗೆ ಆಸಕ್ತಿ ಇದೆಯೋ ಇಲ್ಲವೋ, ಅದನ್ನು ಯಾವ ಲ್ಯಾಬೂ ಹೇಳುವುದಿಲ್ಲ ಅಲ್ವಾ? ಮಂದೆಗೆ ಬಿಟ್ಟ ಮೊದಲ ವಾರಗಳಲ್ಲಿ ನಿಂತು ನೋಡಬೇಕು. ಹೋರಿ ಏರಿದ ಹಸುಗಳು ಮೂರು ವಾರಕ್ಕೆ ಮತ್ತೆ ಬೆದೆಗೆ ಬಂದರೆ ಬೇಗ ಇನ್ನೊಂದು ಹೋರಿ ಹುಡುಕಿ.