ಗರ ಮೊದಲೋ, ನಿರ್ಧಾರ ಮೊದಲೋ: ಕಡಲ್ಗಳ್ಳರ ಬೋರ್ಡ್ ಗೇಮ್ ಟಿಪ್ಪಣಿ

ನಮ್ಮ ನಾಲ್ಕು ಜನರ ಗುಂಪಿಗೆ ಅಂತ ಬರೆದುಕೊಂಡ ಟಿಪ್ಪಣಿ ಇದು. ಬೋರ್ಡ್ ಗೇಮ್ ಮಾಡುವುದನ್ನು ಕಲಿಯುತ್ತಿರುವ ಬೇರೆಯವರಿಗೂ ಉಪಯೋಗಕ್ಕೆ ಬರಬಹುದು. ತುಮಕೂರಿನಲ್ಲಿ ಕೂತು ಕಡಲ್ಗಳ್ಳರ ಆಟ ಮಾಡುತ್ತೇವೆ ಅಂದರೆ ಮನೆಯಲ್ಲೆಲ್ಲ ನಗು. ನಮಗೆ ಗೊತ್ತಿರುವ ಕಡಲು ಅಂದರೆ ಅಮಾನಿಕೆರೆ. ಬೆಂಗಳೂರಿನಲ್ಲಿ ಕೆಲಸ ಮಾಡುವ ಗೆಳತಿ ಶನಿವಾರದ ರೈಲಲ್ಲಿ ಆಟದ ಡಬ್ಬಿಗಳನ್ನು ಹೊತ್ತು ತರುತ್ತಾಳೆ, ಭಾನುವಾರ ಆಡುತ್ತೇವೆ, ಆಮೇಲೆ ಜಗಳ. ಹೋದ ಭಾನುವಾರದ ಜಗಳ ದಾಳದ ಮೇಲೆ. ತಪ್ಪು ನನ್ನದೇ ಇತ್ತು. ಅದನ್ನು ಮೊದಲು ಬರೆದು ಮುಗಿಸುತ್ತೇನೆ. ಆಟದ ನಿಯಮ ಪೂರ್ತಿ ಬರೆಯಲ್ಲ, ಬೇಕಾದಷ್ಟು ಮಾತ್ರ.

ಮೂರು ದಾಳ ಹಾಕಿದರೆ ಗೆಲುವು ಗ್ಯಾರಂಟಿ ಅಲ್ಲ

ನಾವು ಆಡಿದ್ದು ಮರ್ಚಂಟ್ಸ್ ಆಂಡ್ ಮರಾಡರ್ಸ್. 2010ರ ಆಟ. ಕೆರಿಬಿಯನ್ ಕಡಲಲ್ಲಿ ವ್ಯಾಪಾರ ಮಾಡಬಹುದು, ದರೋಡೆ ಮಾಡಬಹುದು, ಎರಡೂ ಮಾಡಬಹುದು. ನಿಮ್ಮ ನಾಯಕನಿಗೆ ಯಾವ ಕೆಲಸದಲ್ಲಿ ಎಷ್ಟು ಚಾಕಚಕ್ಯತೆ ಇದೆಯೋ ಅಷ್ಟು ದಾಳ ಹಾಕಬೇಕು. 5 ಅಥವಾ 6 ಬಂದರೆ ಗೆದ್ದ ಹಾಗೆ. ಒಂದು ಬಿದ್ದರೂ ಸಾಕು.

ನನ್ನ ಲೆಕ್ಕ ಹೀಗಿತ್ತು. ಒಂದು ದಾಳಕ್ಕೆ ಆರರಲ್ಲಿ ಎರಡು ಮುಖ ಗೆಲುವು, ಅಂದರೆ ಮೂರರಲ್ಲಿ ಒಂದು ಪಾಲು. ಮೂರು ದಾಳ ಇದೆ. ಮೂರು ಸಲ ಮೂರರಲ್ಲೊಂದು ಸೇರಿದರೆ ಪೂರ್ತಿ ಒಂದು. ಗೆದ್ದೇ ಗೆಲ್ಲುತ್ತೇನೆ! ಸಕ್ಕರೆ ತುಂಬಿದ ಹಡಗಿನ ಮೇಲೆ ಬಿದ್ದೆ. 1, 3, 4 ಬಿತ್ತು. ದಾಳ ಸರಿಯಿಲ್ಲ ಅಂತ ಕೂಗಾಡಿದೆ.

ದಾಳ ಸರಿಯಾಗೇ ಇತ್ತು. ಎಲ್ಲಿ ತಪ್ಪಿದೆ ಅನ್ನುವುದು ಎರಡು ದಾಳದಲ್ಲಿ ನೋಡಿದಾಗ ತಲೆಗೆ ಹತ್ತಿತು. ಒಂದು ಕೆಂಪು, ಒಂದು ಬಿಳಿ ಅಂದುಕೊಳ್ಳಿ. ಒಟ್ಟು 36 ರೀತಿ ಬೀಳಬಹುದು. ಕೆಂಪು ಗೆಲ್ಲುವುದು 12 ರೀತಿ. ಬಿಳಿ ಗೆಲ್ಲುವುದೂ 12 ರೀತಿ. ಕೂಡಿಸಿದರೆ 24. ಆದರೆ ಎರಡೂ ಒಟ್ಟಿಗೆ ಗೆಲ್ಲುವ 4 ರೀತಿಗಳನ್ನು ಎರಡು ಸಲ ಎಣಿಸಿಬಿಟ್ಟಿದ್ದೇವೆ. ಮದುವೆ ಮನೆಯಲ್ಲಿ ಊಟಕ್ಕೆ ಎಲೆ ಹಾಕುವಾಗ ಹೀಗೇ ಆಗುತ್ತದಲ್ವಾ? ಹೆಣ್ಣಿನ ಕಡೆಯವರು 12, ಗಂಡಿನ ಕಡೆಯವರು 12, ಎರಡೂ ಕಡೆಗೆ ಬೇಕಾದವರು ಅವರಲ್ಲೇ 4 ಜನ. ಎಲೆ 24 ಬೇಡ, 20 ಸಾಕು. 36ರಲ್ಲಿ 20 ಅಂದರೆ ನೂರಕ್ಕೆ 56. ನನ್ನ ಹಳೇ ಲೆಕ್ಕದಲ್ಲಿ 24, ಅಂದರೆ 67 ಆಗುತ್ತಿತ್ತು.

ಮೂರು ದಾಳಕ್ಕೆ ಹೀಗೆ ಕಳೆಯುತ್ತಾ ಕೂತರೆ ತಲೆ ಕೆಡುತ್ತದೆ. ಅದಕ್ಕೆ ನನ್ನ ಪ್ರೀತಿಯ ಅಡ್ಡದಾರಿ: ಗೆಲುವನ್ನು ಎಣಿಸಬೇಡಿ, ಸೋಲನ್ನು ಎಣಿಸಿ. ಸೋಲುವುದಕ್ಕೆ ಒಂದೇ ದಾರಿ, ಎಲ್ಲಾ ದಾಳವೂ ಕೈಕೊಡಬೇಕು. ಒಂದು ದಾಳಕ್ಕೆ ಸೋಲುವ ಮುಖ 4. ಮೂರು ದಾಳಕ್ಕೆ 4×4×4, ಅಂದರೆ 64. ಒಟ್ಟು ರೀತಿಗಳು 6×6×6, ಅಂದರೆ 216. ಉಳಿದ 152 ಗೆಲುವು. ನೂರಕ್ಕೆ 70. ಹತ್ತು ಸಲ ಹಡಗಿನ ಮೇಲೆ ಬಿದ್ದರೆ ಹೆಚ್ಚುಕಮ್ಮಿ ಮೂರು ಸಲ ಬರಿಗೈ. ನನಗೆ ಆ ಮೂರರಲ್ಲಿ ಒಂದು ಸಿಕ್ಕಿತ್ತು, ಅಷ್ಟೇ.

ಇದನ್ನೇ ಮುಂದುವರಿಸಿ ನೋಡಿದೆ. ಒಂದು ದಾಳಕ್ಕೆ 33, ಎರಡಕ್ಕೆ 56, ಮೂರಕ್ಕೆ 70, ನಾಲ್ಕಕ್ಕೆ 80, ಐದಕ್ಕೆ 87. ಮೊದಲನೆಯ ದಾಳ 33 ತಂದುಕೊಟ್ಟರೆ ಐದನೆಯದು ತರುವುದು ಬರೀ 7. ನಾವು ಮಾಡುತ್ತಿರುವ ಆಟದಲ್ಲಿ ಒಂದು ಫಿರಂಗಿ ಅಂದರೆ ಒಂದು ದಾಳ, ಪ್ರತಿ ಫಿರಂಗಿಗೂ ಒಂದೇ ಬೆಲೆ ಇಟ್ಟಿದ್ದೇವೆ. ಐದನೆಯ ಫಿರಂಗಿ ಕೊಂಡವನು ಮೋಸಹೋದ ಹಾಗೆ. ಬೆಲೆ ಇಳಿಸಬೇಕು, ಇಲ್ಲಾ ಆ ಫಿರಂಗಿಗೆ ಬೇರೇನಾದರೂ ಕೆಲಸ ಕೊಡಬೇಕು.

ಗರ ಬಿದ್ದ ಮೇಲೆ ಬುದ್ಧಿ

ಜಗಳದ ಇನ್ನೊಂದು ಮುಖ: ಅದೃಷ್ಟ ಜಾಸ್ತಿ ಇರುವ ಆಟ ಕೆಟ್ಟದ್ದಾ? ನಾನು ಹೌದು ಅಂತ ವಾದ ಮಾಡಿದ್ದೆ. ನಮ್ಮ ಅಜ್ಜಿ ಪಕ್ಕದಲ್ಲಿ ಹುಣಸೆಹಣ್ಣು ಬಿಡಿಸುತ್ತಾ ಕೂತಿದ್ದರು. "ಗರ ಬಿದ್ದ ಮೇಲೆ ತಾನೆ ಬುದ್ಧಿ ಓಡಿಸೋದು? ನೀವೇನು ಬುದ್ಧಿ ಎಲ್ಲ ಮುಗಿಸಿ ಆಮೇಲೆ ಗರ ಹಾಕ್ತೀರಲ್ಲ!" ಅಂದರು.

ಅವರು ಹೇಳಿದ್ದು ಚೌಕಾಬಾರದ ಮಾತು. ನಾಲ್ಕು ಕವಡೆ ಬಿಡುತ್ತೇವೆ. ಮೂರು ಬಿತ್ತು ಅನ್ನಿ. ಈಗ ಯಾವ ಕಾಯಿ ನಡೆಸಬೇಕು, ಯಾವುದನ್ನು ಕಟ್ಟೆ ಮೇಲೆ ಕೂರಿಸಬೇಕು, ಯಾರ ಕಾಯಿ ಕಡಿಯಬೇಕು ಅಂತ ಯೋಚನೆ. ಅದೃಷ್ಟ ಮೊದಲು, ನಿರ್ಧಾರ ಆಮೇಲೆ. ಆಟ ಮಾಡುವವರು ಇದಕ್ಕೆ ಇನ್‌ಪುಟ್ ರ‍್ಯಾಂಡಮ್‌ನೆಸ್ ಅನ್ನುತ್ತಾರೆ. ತಿರುಗಾಮುರುಗಾ ಆದರೆ, ಅಂದರೆ ನಿರ್ಧಾರ ಮೊದಲು ದಾಳ ಆಮೇಲೆ ಆದರೆ, ಔಟ್‌ಪುಟ್ ರ‍್ಯಾಂಡಮ್‌ನೆಸ್. ಈ ಎರಡು ಹೆಸರು ನನಗೆ ವಾರಗಟ್ಟಲೆ ಅದಲುಬದಲಾಗುತ್ತಿದ್ದವು. ಈಗ 'ಗರ ಮೊದಲು', 'ಗರ ಆಮೇಲೆ' ಅಂತಲೇ ಬರೆದುಕೊಳ್ಳುತ್ತೇನೆ.

2007ರ ಜಮೈಕಾ ಆಟದಲ್ಲಿ ಎರಡೂ ಒಂದೇ ಡಬ್ಬಿಯಲ್ಲಿವೆ. ಸರದಿಯ ನಾಯಕ ಎರಡು ದಾಳ ಹಾಕಿ, ನೋಡಿ, ಒಂದನ್ನು ಬೆಳಗ್ಗೆಗೆ, ಇನ್ನೊಂದನ್ನು ಸಂಜೆಗೆ ಇಡುತ್ತಾನೆ. ಅದೇ ದಾಳ ಎಲ್ಲರಿಗೂ. ಅದನ್ನು ನೋಡಿಕೊಂಡು ನಿಮ್ಮ ಕೈಯಲ್ಲಿರುವ ಮೂರು ಕಾರ್ಡಲ್ಲಿ ಒಂದನ್ನು ಆರಿಸಬೇಕು. ಇದು ಗರ ಮೊದಲು. ಆದರೆ ಹಡಗು ಹಡಗು ಎದುರಾದರೆ ಕಾಳಗದ ದಾಳ ಬರುತ್ತದೆ. ಅದರ ಮುಖಗಳು 2, 4, 6, 8, 10 ಮತ್ತು ಒಂದು ನಕ್ಷತ್ರ. ನೀವು ಹೊತ್ತು ತಂದ ಸಿಡಿಮದ್ದನ್ನೆಲ್ಲ ಸುರಿದರೂ ಎದುರಿನವರಿಗೆ ನಕ್ಷತ್ರ ಬಿದ್ದರೆ ಮುಗಿಯಿತು. ಆರರಲ್ಲಿ ಒಂದು ಸಲ ಬಡವನೂ ಗೆಲ್ಲುತ್ತಾನೆ. ಅದು ಬಿದ್ದಾಗ ಕೋಣೆಯಲ್ಲಿ ಎದ್ದ ಗಲಾಟೆ ನೋಡಿದರೆ ನಕ್ಷತ್ರ ತೆಗೆಯಬೇಕು ಅನಿಸಲಿಲ್ಲ.

ಲಿಬರ್ಟಾಲಿಯಾ ಅನ್ನುವ 2012ರ ಆಟದಲ್ಲಿ ಇನ್ನೂ ಜಾಣ ಉಪಾಯ ಇದೆ. ಎಲ್ಲರ ಹತ್ತಿರವೂ ಅದೇ 30 ಕಾರ್ಡ್. ಒಬ್ಬರು ಕಲಸಿ 9 ಎಳೆಯುತ್ತಾರೆ. ಉಳಿದವರು ತಮ್ಮ ಕಟ್ಟಿನಿಂದ ಅದೇ 9 ಹುಡುಕಿ ತೆಗೆಯುತ್ತಾರೆ. ಅದೃಷ್ಟ ಇದೆ, ಆದರೆ ಎಲ್ಲರಿಗೂ ಒಂದೇ. "ನನಗೆ ಕೆಟ್ಟ ಕಾರ್ಡ್ ಬಂತು" ಅಂತ ಅಳುವ ಹಾಗಿಲ್ಲ. ನಮ್ಮ ಗುಂಪಿನ ಒಬ್ಬರಿಗೆ ಇದು ಬಹಳ ಕಷ್ಟವಾಯಿತು. ಹೆಸರು ಬೇಡ.

ಥೀಮ್

ಥೀಮ್ ಅಂದರೆ ಆಟಕ್ಕೆ ತೊಡಿಸಿದ ಕಥೆ. ಕಡಲು, ಗಾಳಿ, ಫಿರಂಗಿ ಅಂದಮೇಲೆ ಕೆಟ್ಟ ಗರವನ್ನು ಜನ ಕ್ಷಮಿಸುತ್ತಾರೆ. ಬಿರುಗಾಳಿ ಬಂತು ಅಂದರೆ ಒಪ್ಪುತ್ತಾರೆ, ಬರೀ ಸೊನ್ನೆ ಬಂತು ಅಂದರೆ ಮುಖ ಊದಿಸುತ್ತಾರೆ. ಇಷ್ಟು ಎಲ್ಲರಿಗೂ ಗೊತ್ತು. ನನಗೆ ಹೊಸದಾಗಿ ತಿಳಿದದ್ದು ಬೇರೆ. ನಿಜವಾದ ಕಡಲ್ಗಳ್ಳರು ಆದಷ್ಟು ದಾಳ ಹಾಕದೆ ಗೆಲ್ಲಲು ನೋಡುತ್ತಿದ್ದರು. ಕಪ್ಪು ಬಾವುಟ ಇದ್ದದ್ದೇ ಅದಕ್ಕೆ: ಹೆದರಿ ಶರಣಾಗಿ, ಹೊಡೆದಾಟ ಬೇಡ. ಹೊಡೆದಾಡಿದರೆ ಸರಕೂ ಹಾಳು, ಜನವೂ ಹಾಳು. ಕೈಕಾಲು ಕಳೆದುಕೊಂಡವರಿಗೆ ಇಷ್ಟಿಷ್ಟು ಪರಿಹಾರ ಅಂತ ಮೊದಲೇ ಕರಾರು ಬರೆದುಕೊಳ್ಳುತ್ತಿದ್ದವರು ಅವರು. ಹಾಗಿದ್ದರೆ ನಮ್ಮ ಆಟದಲ್ಲಿ ಪ್ರತಿ ಹಡಗಿಗೂ ಕಾಳಗ ಯಾಕೆ? 'ಬಾವುಟ ಏರಿಸು' ಅನ್ನುವ ಆಯ್ಕೆ ಬೇಕು. ಕೆಟ್ಟ ಹೆಸರು ಹೆಚ್ಚಿದಷ್ಟೂ ದಾಳ ಕಡಿಮೆ.

ಹಡಗಿನ ಹೊಟ್ಟೆಯಲ್ಲಿ ಏನಿತ್ತು

ಇಲ್ಲಿಂದ ಮುಂದೆ ನಗು ಕಡಿಮೆ.

ಮರ್ಚಂಟ್ಸ್ ಆಂಡ್ ಮರಾಡರ್ಸ್‌ನಲ್ಲಿ ಸರಕು ಅಂದರೆ ಸಕ್ಕರೆ, ರಮ್, ತಂಬಾಕು. ಆ ಕಾಲದ ಕೆರಿಬಿಯನ್‌ನಲ್ಲಿ ಕಬ್ಬು ಕಡಿದವರು ಯಾರು? ಆಫ್ರಿಕಾದಿಂದ ಹಿಡಿದು ತಂದ ಗುಲಾಮರು. ಅವರು ಬೋರ್ಡಿನ ಮೇಲೆ ಎಲ್ಲೂ ಇಲ್ಲ.

ಹೆಸರಾಂತ ಹಡಗುಗಳನ್ನೇ ನೋಡಿ. ಬ್ಲ್ಯಾಕ್‌ಬಿಯರ್ಡ್ ಅನ್ನುವ ಕಡಲ್ಗಳ್ಳ 1717ರಲ್ಲಿ ಹಿಡಿದು ತನ್ನದಾಗಿಸಿಕೊಂಡ ಹಡಗು ಅದಕ್ಕೆ ಮೊದಲು ಲಾ ಕಾಂಕಾರ್ಡ್ ಅನ್ನುವ ಫ್ರೆಂಚ್ ಗುಲಾಮ ಹಡಗು. ಇನ್ನೊಬ್ಬ ಕಡಲ್ಗಳ್ಳ ಸ್ಯಾಮ್ಯುಯಲ್ ಬೆಲ್ಲಮಿ ಅದೇ ವರ್ಷ ಹಿಡಿದ ವೀಡಾ ಕೂಡ ಗುಲಾಮ ಹಡಗೇ. ಹಡಗಿಗೆ ಇಟ್ಟ ಈ ಹೆಸರು ಪಶ್ಚಿಮ ಆಫ್ರಿಕಾದ ವೀಡಾ ಅನ್ನುವ ಬಂದರಿನದು, ಮನುಷ್ಯರನ್ನು ಮಾರುತ್ತಿದ್ದ ಜಾಗ. ಅದೇ ಬಂದರಿಗೆ 1722ರ ಜನವರಿಯಲ್ಲಿ ಬಾರ್ತೊಲೊಮ್ಯೂ ರಾಬರ್ಟ್ಸ್ ಅನ್ನುವ ಕಡಲ್ಗಳ್ಳ ಬಂದ. ಅಲ್ಲಿದ್ದ ಹಡಗುಗಳಿಗೆಲ್ಲ ಇಷ್ಟು ಕೊಟ್ಟರೆ ಬಿಡುತ್ತೇನೆ ಅಂದ. ಒಂದು ಹಡಗಿನ ನಾಯಕ ಕೊಡಲಿಲ್ಲ. ಆ ಹಡಗಿಗೆ ಬೆಂಕಿ ಬಿತ್ತು. ಒಳಗೆ ಇಬ್ಬಿಬ್ಬರನ್ನು ಸೇರಿಸಿ ಸಂಕೋಲೆ ಹಾಕಿದ್ದ ಸುಮಾರು 80 ಜನ ಇದ್ದರು. ಮುಂದಿನ ತಿಂಗಳು ರಾಬರ್ಟ್ಸ್ ಕಾಳಗದಲ್ಲಿ ಸತ್ತ. ಅವನ ಕಡೆಯ ಬಿಳಿಯರನ್ನು ವಿಚಾರಣೆ ಮಾಡಿ 52 ಜನರನ್ನು ಗಲ್ಲಿಗೇರಿಸಿದರು. ಅವನ ಹಡಗಲ್ಲಿದ್ದ ಕರಿಯರಿಗೆ ವಿಚಾರಣೆಯೂ ಇಲ್ಲ, ಗುಲಾಮರಾಗಿ ಮಾರಿದರು.

ಆ 80 ಜನರನ್ನು ಆಟದಲ್ಲಿ ಎಲ್ಲಿ ಇಡುವುದು? ಕಾರ್ಡ್ ಮಾಡಿ ಬೆಲೆ ಇಟ್ಟರೆ ಹೊಲಸು. ಬಿಟ್ಟುಬಿಟ್ಟರೆ ಸುಳ್ಳು. ಇಲ್ಲಿ ನಾನು ದಾಳದ ಲೆಕ್ಕಕ್ಕಿಂತ ಹೆಚ್ಚು ದಿನ ಸಿಕ್ಕಿಹಾಕಿಕೊಂಡೆ.

ಬೇರೆಯವರು ಏನು ಮಾಡಿದ್ದಾರೆ? ಜಮೈಕಾ ಮಾಡಿದ ಮೂವರಲ್ಲಿ ಒಬ್ಬರಾದ ಬ್ರೂನೊ ಕತಾಲಾ ಅವರದೇ ಇನ್ನೊಂದು ಆಟ ಫೈವ್ ಟ್ರೈಬ್ಸ್, 2014. ಅದರಲ್ಲಿ 'ಗುಲಾಮ' ಅನ್ನುವ ಕಾರ್ಡ್ ಇತ್ತು, ಖರ್ಚು ಮಾಡುವ ಸಾಮಾನಿನ ಹಾಗೆ. ಜನ ಬೇಸರ ಮಾಡಿಕೊಂಡರು. ಮುಂದಿನ ಮುದ್ರಣದಲ್ಲಿ ಅದು ಫಕೀರ ಆಯಿತು. ನಿಯಮ ಹಾಗೇ ಇದೆ, ಚಿತ್ರ ಬದಲಾಯಿತು. ಪೋರ್ಟೊ ರಿಕೊ ಅನ್ನುವ 2002ರ ಆಟದಲ್ಲಿ ತೋಟಕ್ಕೆ ದುಡಿಯಲು ಬರುವ ಕಂದು ಬಿಲ್ಲೆಗಳ ಹೆಸರು 'ವಸಾಹತುಗಾರರು'. ಯಾರು ಅಂತ ಎಲ್ಲರಿಗೂ ಗೊತ್ತಾಗುತ್ತಿತ್ತು. 2022ರಲ್ಲಿ ಬಂದ ಆವೃತ್ತಿ ಕಥೆಯನ್ನು 1897ಕ್ಕೆ ಸರಿಸಿತು. ಅಲ್ಲಿ ಗುಲಾಮಗಿರಿ 1873ರಲ್ಲೇ ರದ್ದಾಗಿತ್ತು. ಲಿಬರ್ಟಾಲಿಯಾ ಅದೇ 2022ರಲ್ಲಿ ಆಕಾಶದಲ್ಲಿ ತೇಲುವ ಪ್ರಾಣಿಗಳ ಕಥೆಯಾಗಿ ಮತ್ತೆ ಬಂತು. ಇತಿಹಾಸವೇ ಇಲ್ಲದ ಮೇಲೆ ತಕರಾರೂ ಇಲ್ಲ. ಈ ಮೂರರಲ್ಲಿ ನನಗೆ ಪೋರ್ಟೊ ರಿಕೊ ದಾರಿ ಮೆಚ್ಚುಗೆ. ಚಿತ್ರ ಬದಲಿಸಿ ಸುಮ್ಮನಾಗಲಿಲ್ಲ, ಕಾಲವನ್ನೇ ಬದಲಿಸಿದರು.

ಇದನ್ನೆಲ್ಲ ಓದುವಾಗ ಕೈಯಲ್ಲಿ ಅಜ್ಜಿಯ ಕವಡೆ ಇತ್ತು. ಹಳೇ ಡಬ್ಬಿ, ಏಳು ಕವಡೆ, ಒಂದರ ಬೆನ್ನು ಸವೆದು ತೂತು ಬಿದ್ದಿದೆ. ಇಂಥ ಕವಡೆಗಳು ಮಾಲ್ಡೀವ್ಸ್ ಕಡಲಿಂದ ಬಂಗಾಳ, ಸಿಲೋನ್ ದಾರಿಯಾಗಿ ಯುರೋಪಿಗೆ ಹೋಗುತ್ತಿದ್ದವು. ಅಲ್ಲಿಂದ ಹಡಗಲ್ಲಿ ಪಶ್ಚಿಮ ಆಫ್ರಿಕಾಕ್ಕೆ. ಅಲ್ಲಿ ಕವಡೆಯೇ ದುಡ್ಡು. ವೀಡಾದಲ್ಲಿ ಮನುಷ್ಯರನ್ನು ಕೊಂಡದ್ದೂ ಅದರಿಂದಲೇ. ಅಜ್ಜಿಗೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದ್ರೆ ಒಬ್ಬ ಮನುಷ್ಯಂಗೆ ಎಷ್ಟು ಕವಡೆ ಎಣಿಸ್ತಿದ್ರೋ?" ಅಂತ ಕೇಳಿದರು. ಸಾವಿರಗಟ್ಟಲೆ ಅಂದೆ.

ನಮ್ಮ ಆಟಕ್ಕೆ

ಕೆರಿಬಿಯನ್ ಬಿಟ್ಟು ನಮ್ಮ ಕರಾವಳಿಗೆ ಬರೋಣ ಅಂತ ಚಿಕ್ಕಪ್ಪನ ಮಗ ಹೇಳಿದ. ಹಾಗೆ ಮಾಡಿದರೆ ತೊಂದರೆ ತಪ್ಪುತ್ತದೆ ಅಂತ ಅವನ ಲೆಕ್ಕ. ತಪ್ಪುವುದಿಲ್ಲ.

ಹೊನ್ನಾವರದ ತಿಮ್ಮಯ್ಯನನ್ನೇ ತಗೊಳ್ಳಿ. ಪೋರ್ಚುಗೀಸರ ಬರಹದಲ್ಲಿ ತಿಮೋಜ, ಕಡಲ್ಗಳ್ಳ. 1510ರಲ್ಲಿ ಗೋವಾ ಹಿಡಿಯಲು ಪೋರ್ಚುಗೀಸ್ ಗವರ್ನರ್ ಅಲ್ಬುಕರ್ಕ್‌ಗೆ ದಾರಿ ತೋರಿಸಿದವನೂ ಅವನೇ. ಆ ನವೆಂಬರ್‌ನಲ್ಲಿ ಊರು ಕೊನೆಗೂ ಪೋರ್ಚುಗೀಸರ ಕೈಗೆ ಬಿದ್ದಾಗ ಅಲ್ಲಿನ ಮುಸಲ್ಮಾನರನ್ನು ಸಾಮೂಹಿಕವಾಗಿ ಕೊಂದರು. ಕನ್ಹೋಜಿ ಆಂಗ್ರೆ ಕಥೆ ಬೇರೆ. ಇಂಗ್ಲಿಷರ ದಾಖಲೆಗಳಲ್ಲಿ ಕಡಲ್ಗಳ್ಳ, ಮರಾಠರಿಗೆ ನೌಕಾಪಡೆಯ ಮುಖ್ಯಸ್ಥ. ಇವತ್ತು ಮುಂಬೈಯ ನೌಕಾನೆಲೆಗೆ ಅವನ ಹೆಸರಿದೆ. ಯಾರು ಕಳ್ಳ ಅನ್ನುವುದು ಯಾವ ಬಂದರಲ್ಲಿ ನಿಂತು ಕೇಳುತ್ತೀರಿ ಅನ್ನುವುದರ ಮೇಲಿದೆ.

ಇದರಿಂದ ಒಂದು ನಿಯಮ ಹೊಳೆದಿದೆ. ನಾಯಕನ ಕಾರ್ಡಿಗೆ ಎರಡು ಮುಖ, ಒಂದು ಕಡೆ 'ಸರದಾರ', ಇನ್ನೊಂದು ಕಡೆ 'ಕಳ್ಳ'. ಬಂದರು ಯಾರ ವಶದಲ್ಲಿದೆಯೋ ಅದರ ಪ್ರಕಾರ ಕಾರ್ಡ್ ತಿರುಗುತ್ತದೆ. ಸರದಾರನಿಗೆ ರಿಪೇರಿ ಬಿಟ್ಟಿ, ಕಳ್ಳನಿಗೆ ಬಂದರೊಳಗೆ ಬರಲು ದಾಳ. ಆ ದಾಳ ಮಾತ್ರ ಗರ ಮೊದಲು: ಕಾವಲು ಎಷ್ಟು ಬಿಗಿ ಅಂತ ನೋಡಿ, ಆಮೇಲೆ ಒಳಗೆ ಹೋಗುವುದೋ ಬೇಡವೋ.

'ಗೋವಾ 1510' ಕಾರ್ಡ್ ಮಾತ್ರ ಮುಗಿದಿಲ್ಲ. ದಾರಿ ತೋರಿಸಿದವರಿಗೆ ಮೊದಲು 3 ಅಂಕ ಬರೆದಿದ್ದೆ. ಅಳಿಸಿದೆ. ಸೊನ್ನೆ ಬರೆದೆ. ಸೊನ್ನೆ ಕೊಟ್ಟರೆ ಆ ಕಾರ್ಡನ್ನು ಯಾರೂ ಆಡುವುದಿಲ್ಲ, ಹಾಗಾದರೆ ಇಟ್ಟೂ ಪ್ರಯೋಜನವಿಲ್ಲ ಅಂತ ಗೆಳತಿ ಹೇಳಿದಳು. ಅದನ್ನೂ ಅಳಿಸಿದೆ. ರಬ್ಬರ್ ಉಜ್ಜಿ ಉಜ್ಜಿ ಆ ಮೂಲೆಯಲ್ಲಿ ಕಾಗದ ತೆಳ್ಳಗಾಗಿದೆ.

ಭಾನುವಾರ ಬರುವಾಗ ಖಾಲಿ ಕಾರ್ಡ್ ಒಂದಷ್ಟು ತನ್ನಿ. ಕವಡೆ ನಾನು ತರುತ್ತೇನೆ. ಅಜ್ಜಿ ಎಣಿಸಿ ಕೊಡುತ್ತಾರೆ, ಎಣಿಸಿಯೇ ವಾಪಸ್ ತಗೊಳ್ಳುತ್ತಾರೆ.