ಪೇರೆಂಟ್ ಕನ್‌ಸ್ಟ್ರಕ್ಟರ್ ಇನ್ಹೆರಿಟ್ ಆಗಲ್ಲ, ಆದ್ರೂ ಓಡತ್ತೆ

ಜಾವಾದಲ್ಲಿ ನನ್ನ ತಲೆ ಜಾಸ್ತಿ ತಿಂದಿದ್ದು ಇದೇ. ಒಂದು ಕ್ಲಾಸನ್ನ (ಪೇರೆಂಟ್) ಎಕ್ಸ್‌ಟೆಂಡ್ ಮಾಡಿ ಇನ್ನೊಂದು (ಚೈಲ್ಡ್) ಮಾಡಿದ್ರೆ ಮೆಥಡ್ ಎಲ್ಲಾ ಪೇರೆಂಟ್ ಕ್ಲಾಸಿಂದ ಬರತ್ತೆ, ಕನ್‌ಸ್ಟ್ರಕ್ಟರ್, ಅಂದ್ರೆ ಆಬ್ಜೆಕ್ಟ್ ಹುಟ್ಟುವಾಗ ಓಡೋ ಕೋಡ್, ಮಾತ್ರ ಬರಲ್ಲ. ಖಾತೆ ಅನ್ನೋ ಕ್ಲಾಸಲ್ಲಿ ಹೆಸರು ತಗೊಳೋ ಒಂದೇ ಒಂದು ಕನ್‌ಸ್ಟ್ರಕ್ಟರ್ ಬರ್ದು, ಅದನ್ನ ಎಕ್ಸ್‌ಟೆಂಡ್ ಮಾಡಿ ಉಳಿತಾಯಖಾತೆ ಅಂತ ಖಾಲಿ ಕ್ಲಾಸ್ ಮಾಡಿ ನೋಡಿ, ಕಂಪೈಲೇ ಆಗಲ್ಲ. ಚೈಲ್ಡಲ್ಲಿ ನಾವೇನೂ ಬರೀದಿದ್ರೆ ಕಂಪೈಲರ್ರೇ ಒಂದು ಡಿಫಾಲ್ಟ್ ಕನ್‌ಸ್ಟ್ರಕ್ಟರ್ ಹಾಕತ್ತೆ, ಅದು ಸುಮ್ನೆ ಸೂಪರ್() ಅಂತ ಪೇರೆಂಟ್ ಕನ್‌ಸ್ಟ್ರಕ್ಟರನ್ನ ಕರೆಯತ್ತೆ, ಆದ್ರೆ ಪೇರೆಂಟಲ್ಲಿ ನಾವೇ ಒಂದು ಬರ್ದಿದೀವಲ್ಲ, ಅಲ್ಲಿಗೆ ಅದ್ರ ಪುಕ್ಕಟೆ ಡಿಫಾಲ್ಟ್ ಹೋಯ್ತು, ಹಾಗಾಗಿ ಕರೆಯೋಕೆ ಅಲ್ಲಿ ಯಾರೂ ಇಲ್ಲ. ಸೂಪರ್(ಹೆಸರು) ಅಂತ ನಾವೇ ಬರೀಬೇಕು.

ಇನ್ನು ಆರ್ಡರ್. ನ್ಯೂ ಅಂದ ತಕ್ಷಣ ಆಬ್ಜೆಕ್ಟಿಗೆ ಮೆಮೊರಿ ಸಿಗತ್ತೆ, ಎಲ್ಲಾ ಫೀಲ್ಡಲ್ಲೂ 0, ಫಾಲ್ಸ್ ಅಥವಾ ನಲ್ ಇರತ್ತೆ. ಆಮೇಲೆ ಪೇರೆಂಟ್ ಕನ್‌ಸ್ಟ್ರಕ್ಟರ್ ಪೂರ್ತಿ ಮುಗಿಯತ್ತೆ, ಆಮೇಲಷ್ಟೇ ಚೈಲ್ಡಿನ ಫೀಲ್ಡಿಗೆ ನಾವು ಕೊಟ್ಟ ಬೆಲೆ ಸೇರತ್ತೆ, ಕೊನೇಲಿ ಚೈಲ್ಡ್ ಕನ್‌ಸ್ಟ್ರಕ್ಟರಿನ ಬಾಡಿ.

ಲ್ಯಾಬಲ್ಲಿ ನಾನು ಮಣ್ಣು ಮುಕ್ಕಿದ್ದು ಇಲ್ಲೇ. ಖಾತೆಯ ಕನ್‌ಸ್ಟ್ರಕ್ಟರಲ್ಲಿ ತೋರಿಸು() ಅಂತ ಕರೆದಿದ್ದೆ, ಚೈಲ್ಡಲ್ಲಿ ಇಂಟ್ ಬಡ್ಡಿ = 4 ಅಂತಿಟ್ಟು ತೋರಿಸು() ಓವರ್‌ರೈಡ್ ಮಾಡಿ (ಅದೇ ಹೆಸರಲ್ಲಿ ಚೈಲ್ಡಿಂದೇ ಬೇರೆ ಬರ್ದು) ಬಡ್ಡಿ ಪ್ರಿಂಟ್ ಮಾಡ್ಸಿದ್ದೆ, ಬಂದಿದ್ದು 0! ಓಡಿದ್ದು ಚೈಲ್ಡಿನ ಮೆಥಡ್ಡೇ, ಆದ್ರೆ ಆ ಹೊತ್ತಿಗೆ 4 ಇನ್ನೂ ಬಂದು ಕೂತಿರ್ಲಿಲ್ಲ. ತಮಾಷೆ ಏನಂದ್ರೆ ಅದನ್ನೇ ಫೈನಲ್ ಇಂಟ್ ಬಡ್ಡಿ = 4 ಅಂದ್ರೆ 4 ಬರತ್ತೆ, ಯಾಕಂದ್ರೆ ಕಾನ್‌ಸ್ಟಂಟನ್ನ ಕಂಪೈಲರ್ ಆ ಜಾಗದಲ್ಲೇ ನೇರ ಬರ್ದುಬಿಡತ್ತೆ. ಇದನ್ನ ನೋಡಿ ಸರಿಹೋಯ್ತು ಅಂದ್ಕೊಬೇಡಿ. ಕನ್‌ಸ್ಟ್ರಕ್ಟರೊಳಗೆ ಓವರ್‌ರೈಡ್ ಆಗ್ಬಹುದಾದ ಮೆಥಡ್ ಕರೀಲೇಬಾರ್ದು. ಸಿ++ನಲ್ಲಾದ್ರೆ ಇದೇ ಜಾಗದಲ್ಲಿ ವರ್ಚುವಲ್ ಫಂಕ್ಷನ್ (ಓವರ್‌ರೈಡ್ ಮಾಡ್ಬಹುದಾದ ಫಂಕ್ಷನ್) ಕರೆದ್ರೂ ಪೇರೆಂಟಿನದ್ದೇ ಓಡತ್ತೆ.

ಪೈಥಾನ್ ಕಥೆನೇ ಬೇರೆ, ಅಲ್ಲಿ ಕನ್‌ಸ್ಟ್ರಕ್ಟರ್ ಕೆಲಸ ಮಾಡೋ ಇನಿಟ್ (__init__) ಮಾಮೂಲಿ ಮೆಥಡ್ ಥರ ಇನ್ಹೆರಿಟ್ ಆಗತ್ತೆ. ಚೈಲ್ಡಲ್ಲಿ ನಮ್ಮದೇ ಇನಿಟ್ ಬರ್ದು ಸೂಪರ್ ಮರೆತ್ರೆ ಯಾರೂ ಬಯ್ಯಲ್ಲ, ಯಾವಾಗ್ಲೋ ಹೆಸರು ಕೇಳ್ದಾಗ ಆಟ್ರಿಬ್ಯೂಟ್ ಎರರ್ ಅಂತ ಬೀಳತ್ತೆ.

ಸೂಪರ್ ಮೊದಲನೇ ಸಾಲಲ್ಲೇ ಇರ್ಬೇಕು ಅಂತ ಹಳೇ ನೋಟ್ಸಲ್ಲೆಲ್ಲಾ ಇದೆ. 2025ರ ಜಾವಾ 25ರಿಂದ ಅದು ಸಡಿಲ ಆಗಿದೆ. ಬರೀ ಇಂಟ್ ಬಡ್ಡಿ ಅಂತ ಡಿಕ್ಲೇರ್ ಮಾಡಿ, ಕನ್‌ಸ್ಟ್ರಕ್ಟರಲ್ಲಿ ಮೊದಲು ಬಡ್ಡಿ = 4, ಆಮೇಲೆ ಸೂಪರ್(ಹೆಸರು) ಅಂತ ಬರೀರಿ, ನನ್ನ ಲ್ಯಾಬಿನ 0 ಈಗ 4 ಆಗತ್ತೆ.