ಬಂದೂಕ ಠಾಣೆಗೆ, ಮಚ್ಚು ಬೀದಿಗೆ: ನಮ್ ಕಡೆ ಲಾ ಅಂಡ್ ಆರ್ಡರ್ ಗಲಾಟೆ ಎಲ್ಲಿಂದ ಬಂತು

ರಾಜ್ಯದಲ್ಲಿ ಎಲ್ಲಾದ್ರೂ ಒಂದು ಮರ್ಡರ್ ಆಗ್ಲಿ, ಸಾಯಂಕಾಲದೊಳಗೆ ಟೀವಿಲಿ ಅದೇ ಮಾತು ಶುರು. ವಿರೋಧ ಪಕ್ಷದೋರು ಕಾನೂನು ಸುವ್ಯವಸ್ಥೆ ಸತ್ತೋಗಿದೆ, ಗೃಹ ಸಚಿವರು ರಾಜೀನಾಮೆ ಕೊಡ್ಲಿ ಅಂತಾರೆ, ಆಡಳಿತದೋರು ನಿಮ್ ಕಾಲದಲ್ಲಿ ಎಷ್ಟಾಗಿತ್ತು ಲೆಕ್ಕ ತೆಗೀರಿ ಅಂತಾರೆ. ಸರ್ಕಾರ ಬದಲಾದ್ರೆ ಡೈಲಾಗು ಅದಲು ಬದಲು ಆಗತ್ತೆ ಅಷ್ಟೆ. 2023ರಲ್ಲಿ ಗೃಹ ಖಾತೆ ಕೊರಟಗೆರೆ ಎಂಎಲ್ಎ ಪರಮೇಶ್ವರ್ ಅವರ ಕೈಗೆ ಬಂದ್ಮೇಲಂತೂ ತುಮಕೂರಲ್ಲಿ ಈ ಮಾತು ಇನ್ನೂ ಸ್ವಲ್ಪ ಜೋರಾಗೇ ಕೇಳತ್ತೆ, ನಮ್ ಜಿಲ್ಲೆ ಮಂತ್ರಿ ಅನ್ನೋ ಸಲಿಗೆ ಬೇರೆ. ನನ್ನ ಕೇಳಿದ್ರೆ ಇಬ್ರೂ ನೋಡ್ಬೇಕಾದ ಕಡೆ ನೋಡ್ತಿಲ್ಲ. ಅದಕ್ಕೆ ದೂರ ಹೋಗೋದೇ ಬೇಡ, ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಈ ಮೂರು ಜಿಲ್ಲೆಯಲ್ಲಿ ಆಗಿರೋದೇ ಸಾಕು.

ಮೊದ್ಲು ಬಂದೂಕದ ವಿಷ್ಯ. 2016ರ ಕೊನೆಗೆ ದೇಶದಲ್ಲಿ ಸುಮಾರು 33 ಲಕ್ಷ 69 ಸಾವಿರ ಲೈಸೆನ್ಸ್ ಇದ್ವು ಅಂತ ಕೇಂದ್ರ ಗೃಹ ಇಲಾಖೆ ಲೆಕ್ಕ, ಅದ್ರಲ್ಲಿ ಉತ್ತರ ಪ್ರದೇಶದ್ದೇ 12 ಲಕ್ಷ 77 ಸಾವಿರ, ನಮ್ ರಾಜ್ಯದ್ದು 1 ಲಕ್ಷ 13 ಸಾವಿರ ಚಿಲ್ಲರೆ. ಪಾವಗಡ, ಮಧುಗಿರಿ, ಶಿರಾ ಕಡೆ ಹಳ್ಳಿಗಳಲ್ಲಿ ಲೈಸೆನ್ಸ್ ಇರೋರು ಯಾರು ಅಂತ ನೋಡಿದ್ರೆ ಹೊಲ ತೋಟ ಇರೋ ರೈತರೇ, ಕಡ್ಲೆಕಾಯಿ ಹೊಲಕ್ಕೆ ಕಾಡಂದಿ ಬೀಳೋದಕ್ಕೆ ಅಂತ ಅಜ್ಜನೋ ಅಪ್ಪನೋ ಮಾಡಿಸಿದ್ದ ಲೈಸೆನ್ಸು. ಒಂಟಿ ನಳಿಗೆ ಬಂದೂಕ. ಹಳೇದಾದ್ರೆ ಬಾಯಿಂದ ಮದ್ದು ತುಂಬೋದು: ಮದ್ದು ಹಾಕಿ, ನಾರು ತುರುಕಿ, ಗಜದಲ್ಲಿ ಕುಟ್ಟಿ, ಚರೆ ಹಾಕಿ, ಮತ್ತೆ ಕುಟ್ಟಿ, ಹಿಂದ್ಗಡೆ ಕೇಪು ಇಟ್ಟು ಹೊಡೀಬೇಕು. ಒಂದು ಸಲ ಹೊಡೆದು ಇನ್ನೊಂದು ಸಲ ತುಂಬೋ ಹೊತ್ತಿಗೆ ಹಂದಿ ಪಕ್ಕದೂರಿಗೆ ಹೋಗಿರತ್ತೆ. ಇದನ್ನ ಇಟ್ಕೊಂಡು ಯಾರೂ ಬೂತ್ ಕ್ಯಾಪ್ಚರ್ ಮಾಡೋಕಾಗಲ್ಲ ಅನ್ನೋದು ಸ್ಟೇಷನ್ ರೈಟರ್‌ಗೂ ಗೊತ್ತು.

ಆದ್ರೂ ಎಲೆಕ್ಷನ್ ಬಂತು ಅಂದ್ರೆ ಮೊದ್ಲು ಫೋನ್ ಬರೋದು ಇವ್ರಿಗೇ. ಬೀಟ್ ಪೊಲೀಸು ಫೋನ್ ಮಾಡಿ 'ಅಣ್ಣ, ಬಂದೂಕ ತಂದು ಜಮಾ ಮಾಡ್ಬಿಡಿ, ಸಾಹೇಬ್ರು ಲಿಸ್ಟ್ ಕೇಳ್ತಾವ್ರೆ' ಅಂತಾನೆ. ಗೋಣಿಚೀಲ ಸುತ್ತಿ ಬೈಕಲ್ಲಿ ಮಗನ್ನ ಹಿಂದೆ ಕೂರಿಸ್ಕೊಂಡು ತಗೊಂಡು ಹೋಗ್ತಾರೆ, ಅಲ್ಲಿ ಲೈಸೆನ್ಸ್ ಬುಕ್ ನೋಡಿ ನಂಬರ್ ತಾಳೆ ಹಾಕಿ ಒಂದು ಚೀಟಿ ಕಟ್ಟಿ ಉಳಿದ ಬಂದೂಕಗಳ ಜೊತೆ ಗೋಡೆಗೆ ಒರಗಿಸ್ತಾರೆ, ರಸೀದಿ ಕೊಡ್ತಾರೆ. ವಾಪಸ್ ಬರೋವಾಗ ನಳಿಗೆಲಿ ತುಕ್ಕು, ಮರದ ಹಿಡಿ ಮೇಲೆ ಗೀರು, ಕೇಳಿದ್ರೆ ಯಾರಿಗೂ ಗೊತ್ತಿಲ್ಲ. 2024ರಲ್ಲಿ ಮಾರ್ಚ್ 16ಕ್ಕೆ ಎಲೆಕ್ಷನ್ ಘೋಷಣೆ ಆಯ್ತು, ನಮ್ ಮೂರೂ ಜಿಲ್ಲೆಯಲ್ಲಿ ಏಪ್ರಿಲ್ 26ಕ್ಕೆ ಓಟು ಮುಗೀತು, ರಿಸಲ್ಟ್ ಬಂದಿದ್ದು ಜೂನ್ 4ಕ್ಕೆ, ಅದಾದ್ಮೇಲೆ ವಾಪಸ್ ಅಂದ್ರೆ ಹೆಚ್ಚೂಕಮ್ಮಿ ಮೂರು ತಿಂಗಳು. ಹಂದಿಗೇನು ನೀತಿಸಂಹಿತೆ ಇದ್ಯಾ.

ಇಲ್ಲಿ ಒಂದು ತಮಾಷೆ ಇದೆ. ಚುನಾವಣಾ ಆಯೋಗ ಎಲ್ರ ಬಂದೂಕನೂ ಕಿತ್ಕೊಳ್ಳಿ ಅಂತ ಹೇಳೇ ಇಲ್ಲ. ಜಿಲ್ಲಾಧಿಕಾರಿ, ಎಸ್ಪಿ ಎಲ್ಲ ಸೇರಿ ಸ್ಕ್ರೀನಿಂಗ್ ಕಮಿಟಿ ಮಾಡಿ ಒಬ್ಬೊಬ್ಬರ ಕೇಸನ್ನೂ ನೋಡ್ಬೇಕು, ಬೇಲ್ ಮೇಲೆ ಇರೋರು, ಕ್ರಿಮಿನಲ್ ಹಿನ್ನೆಲೆ ಇರೋರು, ಹಿಂದೆ ಗಲಭೆ ಕೇಸಲ್ಲಿ ಸಿಕ್ಕಿರೋರು, ಇಂಥೋರ ಆಯುಧ ಜಮಾ ಮಾಡಿಸ್ಕೊಳ್ಳಿ ಅನ್ನೋದು ಸೂಚನೆ. ಆದ್ರೆ ಒಬ್ಬೊಬ್ಬರದ್ದೂ ನೋಡ್ತಾ ಕೂರೋಕೆ ಟೈಮ್ ಯಾರಿಗಿದೆ, ಎಲ್ರದ್ದೂ ತರಿಸಿಬಿಟ್ರೆ ಸೇಫು, ನಾಳೆ ಏನಾದ್ರೂ ಹೆಚ್ಚುಕಮ್ಮಿ ಆದ್ರೆ ತಲೆ ಮೇಲೆ ಬರಲ್ಲ. ಮಲೆನಾಡು, ಕರಾವಳಿ ಕಡೆ ರೈತರು ಇದ್ರ ಬಗ್ಗೆ ಹೈಕೋರ್ಟ್‌ವರೆಗೆ ಹೋಗಿದ್ದಾರೆ. ನಮ್ ಬಯಲುಸೀಮೆಯೋರು ಗೊಣಗಾಡ್ಕೊಂಡು ತಗೊಂಡ್ ಹೋಗಿ ಕೊಟ್ ಬರ್ತಾರೆ.

ಬಂದೂಕ ಇರೋನ ಮೇಲೆ ಸರ್ಕಾರಕ್ಕೆ ಇಷ್ಟೊಂದು ಅನುಮಾನ ಯಾಕೆ ಅಂದ್ರೆ ಅದು ಈಗಿನ ಸರ್ಕಾರದ ಅನುಮಾನ ಅಲ್ಲ, ಬ್ರಿಟಿಷರದ್ದು. 1857ರ ದಂಗೆ ನೋಡಿ ಬೆಚ್ಚಿಬಿದ್ದವರು 1878ರಲ್ಲಿ ಲಿಟ್ಟನ್ ವೈಸ್‌ರಾಯ್ ಆಗಿದ್ದಾಗ ಆರ್ಮ್ಸ್ ಆಕ್ಟ್ ತಂದ್ರು, ಭಾರತೀಯರಿಗೆ ಲೈಸೆನ್ಸ್ ಬೇಕು, ಯುರೋಪಿಯನ್ನರಿಗೆ ಬೇಡ. ಕೊಡಗಿನೋರಿಗೆ ಮಾತ್ರ ಆಗಲೇ ವಿನಾಯ್ತಿ ಸಿಕ್ತು, ಅದು ಇವತ್ತಿಗೂ ಇದೆ, 2029ರವರೆಗೆ ಕೇಂದ್ರ ವಿಸ್ತರಿಸಿದೆ, ಹೈಕೋರ್ಟ್ ಕೂಡ 2021ರಲ್ಲಿ ಎತ್ತಿಹಿಡಿದಿದೆ. ಈ ಕಾಯ್ದೆ ಮೇಲೆ ಕಾಂಗ್ರೆಸ್ಸಿಗೆ ಎಷ್ಟು ಸಿಟ್ಟಿತ್ತು ಅಂದ್ರೆ, ಅಹಿಂಸೆ ಅಹಿಂಸೆ ಅಂತಿದ್ದ ಗಾಂಧೀಜಿನೇ 1918ರಲ್ಲಿ ಬ್ರಿಟಿಷರ ಕೆಟ್ಟ ಕೆಲಸಗಳಲ್ಲಿ ಇದೇ ಅತ್ಯಂತ ಕರಾಳವಾದ್ದು ಅನ್ನೋ ಅರ್ಥದಲ್ಲಿ ಬರೆದಿದ್ರು, 1931ರ ಕರಾಚಿ ನಿರ್ಣಯದಲ್ಲಿ ನಿಯಮಕ್ಕೆ ಒಳಪಟ್ಟು ಆಯುಧ ಇಟ್ಕೊಳ್ಳೋ ಹಕ್ಕನ್ನೂ ಸೇರಿಸಿದ್ರು.

ಸ್ವಾತಂತ್ರ್ಯ ಬಂದ್ಮೇಲೆ ಏನಾಯ್ತು? 1948ರ ಡಿಸೆಂಬರ್‌ನಲ್ಲಿ ಸಂವಿಧಾನ ಸಭೆಲಿ ಎಚ್.ವಿ. ಕಾಮತ್ ಅನ್ನೋರು, ಮಂಗಳೂರಲ್ಲಿ ಹುಟ್ಟಿದೋರು, ಅದೇ ಕರಾಚಿ ನಿರ್ಣಯ ನೆನಪಿಸಿ ಆಯುಧದ ಹಕ್ಕನ್ನ ಮೂಲಭೂತ ಹಕ್ಕು ಮಾಡಿ ಅಂತ ತಿದ್ದುಪಡಿ ತಂದ್ರು. ಹಾಗೆ ಬರೆದುಬಿಟ್ರೆ ಅಪರಾಧವನ್ನೇ ಕಸುಬು ಮಾಡ್ಕೊಂಡೋರಿಗೂ ಅದೇ ಹಕ್ಕು ಬಂದ್ಬಿಡತ್ತಲ್ಲ ಅನ್ನೋದು ಅಂಬೇಡ್ಕರ್ ಉತ್ತರ. ತಿದ್ದುಪಡಿ ಬಿದ್ದೋಯ್ತು. ಅಂಬೇಡ್ಕರ್ ಹೇಳಿದ್ದೇ ಸರಿ ಅಂತ ನನಗನ್ಸತ್ತೆ, ಅಮೆರಿಕದ ಸ್ಕೂಲುಗಳ ಸುದ್ದಿ ನೋಡಿದೋರು ಯಾರೂ ಕಾಮತರ ಪರ ವಾದ ಮಾಡೋದು ಕಷ್ಟ. ಆಮೇಲೆ 1959ರ ಆರ್ಮ್ಸ್ ಆಕ್ಟ್ ಬಂತು, 1962ರಿಂದ ಜಾರಿ. ಅದ್ರಲ್ಲಿ 13ನೇ ಸೆಕ್ಷನ್ ಓದಿದ್ರೆ ರೈತರಿಗೆ ಆಶ್ಚರ್ಯ ಆಗ್ಬಹುದು, ನಿಜವಾಗ್ಲೂ ಬೆಳೆ ಕಾಯೋಕೆ ಬಾಯಿಂದ ಮದ್ದು ತುಂಬೋ ಬಂದೂಕ ಕೇಳಿದ್ರೆ ಬೇರೆ ಅಡ್ಡಿ ಇಲ್ಲದಿದ್ರೆ ಲೈಸೆನ್ಸ್ ಕೊಡ್ಬೇಕು ಅಂತಾನೇ ಇದೆ. ಬಂದೂಕ ಇದ್ರೂ ಹಂದಿ ಹೊಡಿಯೋಕೆ 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅರಣ್ಯ ಇಲಾಖೆ ಪರ್ಮಿಷನ್ ಬೇಕು, ಅದು ಇನ್ನೊಂದು ಆಫೀಸು, ಇನ್ನೊಂದು ಅರ್ಜಿ. ಕೊನೆಗೆ ಬೇಸತ್ತೋರು ಕಳ್ಳದಾರಿಲಿ ಸಿಡಿಮದ್ದು ಇಡ್ತಾರೆ, ಬೇಲಿಗೆ ಕರೆಂಟ್ ಬಿಡ್ತಾರೆ, ದನ ಸಾಯತ್ತೆ, ಕೆಲವು ಸಲ ಮನುಷ್ಯರೇ ಸಾಯ್ತಾರೆ. 2019ರಲ್ಲಿ ಮತ್ತೆ ತಿದ್ದುಪಡಿ ಮಾಡಿ ಒಬ್ಬರ ಹತ್ರ ಮೂರರ ಬದ್ಲು ಎರಡೇ ಆಯುಧ, ಮದುವೆ ಮೆರವಣಿಗೆಲಿ ಗುಂಡು ಹಾರಿಸಿದ್ರೆ 2 ವರ್ಷದವರೆಗೆ ಜೈಲು ಅಂತ ಮಾಡಿದ್ರು. ಅದು ಉತ್ತರದ ಕಾಯಿಲೆ, ನಮ್ ಕಡೆ ಮದುವೆಗೆ ಪಟಾಕಿ ಸಾಕು.

ಇನ್ನೊಂದು ವಿಷ್ಯ ಇಲ್ಲೇ ಹೇಳ್ಬಿಡ್ತೀನಿ. ಆಯುಧ, ಮದ್ದುಗುಂಡು ಸಂವಿಧಾನದಲ್ಲಿ ಕೇಂದ್ರದ ಪಟ್ಟಿಲಿ ಇದೆ, ಪೊಲೀಸು ರಾಜ್ಯದ ಪಟ್ಟಿಲಿ ಇದೆ. ಹಾಗಾಗಿ ನಾಡ ಪಿಸ್ತೂಲು ಸಿಕ್ಕಿದಾಗೆಲ್ಲ ಬೆಂಗಳೂರು ದೆಹಲಿ ಕಡೆ ಕೈ ತೋರ್ಸೋದು, ದೆಹಲಿ ಬೆಂಗಳೂರಿನ ಕಡೆ ತೋರ್ಸೋದು ತುಂಬಾ ಸುಲಭ. 2015ರಲ್ಲಿ ಸಂಶೋಧಕ ಎಂ.ಎಂ. ಕಲಬುರ್ಗಿ, 2017ರಲ್ಲಿ ಪತ್ರಕರ್ತೆ ಗೌರಿ ಲಂಕೇಶ್, ಇಬ್ರನ್ನೂ ಕೊಂದಿದ್ದು 7.65 ಎಂಎಂ ನಾಡ ಪಿಸ್ತೂಲು, ಒಂದೇ ಪಿಸ್ತೂಲು ಅಂತ ವಿಧಿವಿಜ್ಞಾನ ವರದಿ ಬಂತು. ಆ ಪಿಸ್ತೂಲು ಯಾವ ಎಲೆಕ್ಷನ್‌ನಲ್ಲೂ ಯಾವ ಸ್ಟೇಷನ್ನಿಗೂ ಜಮಾ ಆಗಿರಲಿಲ್ಲ ಅಂತ ಬೇರೆ ಹೇಳ್ಬೇಕಾ.

ನಮ್ ಕಡೆ ಮರ್ಡರ್ರುಗಳಲ್ಲಿ ಹೆಚ್ಚಾಗಿ ಕೇಳೋದು ಮಚ್ಚು, ಲಾಂಗು, ಚಾಕು, ಕಲ್ಲು. ಮಚ್ಚಿಗೂ ಕಾನೂನಿದೆ, ಅಲಗು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲ ಇದ್ರೆ ಅದೂ ಆಯುಧ, ಆದ್ರೆ ಮನೆಗೆ ವ್ಯವಸಾಯಕ್ಕೆ ಅಂತ ಮಾಡಿರೋದು ಬಿಟ್ಟು. ತಿಪಟೂರಲ್ಲಿ ಎಳನೀರು ಕೊಚ್ಚೋ ಮಚ್ಚು ವ್ಯವಸಾಯದ್ದೇ ತಾನೆ. ಅದನ್ನ ಜಮಾ ಮಾಡಿಸ್ಕೊಳ್ಳೋಕೆ ಯಾವ ಜಿಲ್ಲಾಧಿಕಾರಿಗೂ ಆಗಲ್ಲ.

ಹಾಗಾದ್ರೆ ಇಲ್ಲಿ ಗುಂಡು ಹಾರಿದ್ದು ಯಾವಾಗ, ಹಾರಿಸಿದ್ದು ಯಾರು? ದೊಡ್ಡ ದೊಡ್ಡ ಘಟನೆ ತಗೊಂಡ್ರೆ ಪೊಲೀಸರೇ. 1938ರ ಏಪ್ರಿಲ್ 25, ಗೌರಿಬಿದನೂರು ಹತ್ರ ವಿದುರಾಶ್ವತ್ಥ, ಆಗ ಕೋಲಾರ ಜಿಲ್ಲೆ, ಈಗ ಚಿಕ್ಕಬಳ್ಳಾಪುರ. ಅದೇ ತಿಂಗಳು ಮಂಡ್ಯ ಕಡೆ ಶಿವಪುರದಲ್ಲಿ ಧ್ವಜ ಸತ್ಯಾಗ್ರಹ ಆಗಿತ್ತು, ಇಲ್ಲೂ ಬಾವುಟ ಹಾರಿಸ್ತೀವಿ ಅಂತ ಜನ ಸೇರಿದ್ರು, ಸಭೆಗೆ ನಿಷೇಧ ಇತ್ತು, ಪೊಲೀಸರು ಗುಂಡು ಹಾರಿಸಿದ್ರು. ಸರ್ಕಾರದ ಲೆಕ್ಕದಲ್ಲಿ ಸತ್ತಿದ್ದು 10 ಜನ, ಅಲ್ಲಿರೋ ಸ್ಮಾರಕದಲ್ಲಿ ಇರೋ ಹೆಸರು 32. ಈ ಎರಡು ಸಂಖ್ಯೆ ನಡುವೆ ಇರೋ ಅಂತರ ನೋಡಿ, ಪೊಲೀಸ್ ಲೆಕ್ಕ ಅಂದ್ರೆ ಜನ ಈಗ್ಲೂ ಯಾಕೆ ಮುಖ ಸೊಟ್ಟ ಮಾಡ್ತಾರೆ ಅನ್ನೋದಕ್ಕೆ ಬೇರೆ ಕಾರಣ ಹುಡುಕ್ಬೇಕಿಲ್ಲ. ವಿಚಾರಣೆಗೆ ನಿವೃತ್ತ ಜಡ್ಜ್ ವೇಪ ರಾಮೇಶಂ ಅವರ ಸಮಿತಿ ಕೂತ್ಕೊಳ್ತು, ಗಾಂಧೀಜಿ ಪಟೇಲ್ ಮತ್ತು ಕೃಪಲಾನಿ ಇಬ್ರನ್ನೂ ಕಳಿಸಿದ್ರು, ದಿವಾನ್ ಮಿರ್ಜಾ ಇಸ್ಮಾಯಿಲ್ ಜೊತೆ ಮಾತಾಗಿ ಕಾಂಗ್ರೆಸ್ ಬಾವುಟ ಮೈಸೂರು ಬಾವುಟದ ಪಕ್ಕ ಹಾರೋದಕ್ಕೆ ಒಪ್ಪಿಗೆ ಆಯ್ತು.

ಕೆಜಿಎಫ್‌ನಲ್ಲೂ 1946ರ ನವೆಂಬರ್ 4ಕ್ಕೆ ಮುಷ್ಕರ ಮಾಡ್ತಿದ್ದ ಗಣಿ ಕಾರ್ಮಿಕರ ಮೇಲೆ ಪೊಲೀಸರು ಗುಂಡು ಹಾರಿಸಿದ್ರು, ಕಾರ್ಮಿಕರು ಸತ್ರು, ಅವರ ನೆನಪಿಗೆ ಇವತ್ತಿಗೂ ಅಲ್ಲಿ ಹುತಾತ್ಮರ ದಿನ ಮಾಡ್ತಾರೆ. ಚಿನ್ನ ಕಾಯೋಕೆ ಅಂತ ಅಲ್ಲಿ ಪೊಲೀಸ್ ವ್ಯವಸ್ಥೆನೇ ಬೇರೆ ಇತ್ತು. ಗಣಿ 2001ರಲ್ಲಿ ಮುಚ್ಚೋಯ್ತು, ಆದ್ರೆ ಕೆಜಿಎಫ್ ಪೊಲೀಸ್ ಜಿಲ್ಲೆ ಮಾತ್ರ ಹಾಗೇ ಇದೆ, ಅದಕ್ಕೊಬ್ರು ಬೇರೆ ಎಸ್ಪಿ. ಕಂದಾಯ ಲೆಕ್ಕದಲ್ಲಿ ಮೂರು ಜಿಲ್ಲೆ, ಪೊಲೀಸ್ ಲೆಕ್ಕದಲ್ಲಿ ನಾಲ್ಕು.

ಪೊಲೀಸರ ಮೇಲೇ ಗುಂಡು ಬಂದಿದ್ದು 2005ರ ಫೆಬ್ರವರಿಲಿ. ಚಿಕ್ಕಮಗಳೂರು ಕಾಡಲ್ಲಿ ನಕ್ಸಲ್ ನಾಯಕ ಸಾಕೇತ್ ರಾಜನ್ ಪೊಲೀಸ್ ಗುಂಡಿಗೆ ಸತ್ತ, ಅದೇ ವಾರ ಪಾವಗಡ ತಾಲ್ಲೂಕಿನ ವೆಂಕಟಮ್ಮನಹಳ್ಳಿಲಿ ಕೆಎಸ್‌ಆರ್‌ಪಿ (ರಾಜ್ಯ ಮೀಸಲು ಪೊಲೀಸ್) ಕ್ಯಾಂಪ್ ಮೇಲೆ ರಾತ್ರಿ ನಕ್ಸಲರು ನುಗ್ಗಿ ಪೊಲೀಸರನ್ನ ಕೊಂದ್ರು. ಆಗ ಎದ್ದ ಚರ್ಚೆ ಇವತ್ತಿನದಕ್ಕಿಂತ ಗಟ್ಟಿಯಾಗಿತ್ತು ಅನ್ಸತ್ತೆ: ಒಂದು ಕಡೆ ಪಡೆ ಹೆಚ್ಚಿಸಿ, ಬೇರುಸಮೇತ ಕೀಳಿ ಅನ್ನೋರು, ಇನ್ನೊಂದು ಕಡೆ ಬರಗಾಲದ ತಾಲ್ಲೂಕು, ಭೂಮಿ, ಜಾತಿ, ಇದನ್ನೆಲ್ಲ ನೋಡದೆ ಬರೀ ಕ್ಯಾಂಪ್ ಹಾಕಿದ್ರೆ ಏನಾಗತ್ತೆ ಅನ್ನೋರು. ಕನಿಷ್ಠ ಕಾರಣದ ಬಗ್ಗೆ ಮಾತಾಡ್ತಿದ್ರು.

ಈಗ ಕಾರಣ ಯಾರಿಗೂ ಬೇಡ, ಕಾಲಿಗೆ ಗುಂಡು ಬಿದ್ರೆ ಸಾಕು. 2022ರ ಜುಲೈನಲ್ಲಿ ಬಿಜೆಪಿ ಯುವ ಮುಖಂಡ ಪ್ರವೀಣ್ ನೆಟ್ಟಾರು ಕೊಲೆ ಆದಾಗ ಆಗಿನ ಬಿಜೆಪಿ ಮುಖ್ಯಮಂತ್ರಿ ಬೊಮ್ಮಾಯಿ ಅಗತ್ಯ ಬಿದ್ರೆ ಉತ್ತರ ಪ್ರದೇಶದ ಯೋಗಿ ಮಾದರಿ ಅಂದ್ರು. 2023ರ ಅಕ್ಟೋಬರ್‌ನಲ್ಲಿ ಕಾಂಗ್ರೆಸ್ ಸರ್ಕಾರ ಇದ್ದಾಗ್ಲೇ ಶ್ರೀನಿವಾಸಪುರದಲ್ಲಿ ಕಾಂಗ್ರೆಸ್ ಮುಖಂಡ ಎಂ. ಶ್ರೀನಿವಾಸನ್ ಅವರನ್ನ ಹಾಡಹಗಲೇ ಕೊಚ್ಚಿ ಕೊಂದ್ರು, ಬೆನ್ನಲ್ಲೇ ಬಂಧನದ ವೇಳೆ ಆರೋಪಿಗಳ ಕಾಲಿಗೆ ಪೊಲೀಸರು ಗುಂಡು ಹೊಡೆದ್ರು. ಸರ್ಕಾರ ಯಾವ್ದೇ ಇರ್ಲಿ ಈ ಥರದ ಪ್ರೆಸ್‌ನೋಟು ಒಂದೇ ಅಚ್ಚಲ್ಲಿ ಬರತ್ತೆ, ಹಲ್ಲೆ ಮಾಡಿ ತಪ್ಪಿಸ್ಕೊಳ್ಳೋಕೆ ನೋಡಿದ, ಗಾಳಿಲಿ ಗುಂಡು ಹಾರಿಸಿದ್ರೂ ಕೇಳಲಿಲ್ಲ, ಆತ್ಮರಕ್ಷಣೆಗೆ ಹೊಡೀಬೇಕಾಯ್ತು. ನಿಜವೂ ಇರ್ಬಹುದು. ನಿಜನಾ ಅಂತ ನೋಡೋಕೇ ಸುಪ್ರೀಂ ಕೋರ್ಟ್ 2014ರಲ್ಲಿ ಪಿಯುಸಿಎಲ್ ಅನ್ನೋ ನಾಗರಿಕ ಹಕ್ಕು ಸಂಘಟನೆ ಹಾಕಿದ್ದ ಕೇಸಲ್ಲಿ 16 ಸೂತ್ರ ಹಾಕ್ತು: ಎಫ್ಐಆರ್ ಆಗ್ಬೇಕು, ಬೇರೆ ಠಾಣೆಯೋರೋ ಸಿಐಡಿಯೋ ತನಿಖೆ ಮಾಡ್ಬೇಕು, ಹೊಡೆದೋರಿಗೆ ಕೂಡ್ಲೇ ಬಹುಮಾನ ಬಡ್ತಿ ಕೊಡಂಗಿಲ್ಲ. ಸತ್ತಾಗ ಮಾತ್ರ ಅಲ್ಲ, ತೀವ್ರ ಗಾಯ ಆದಾಗ್ಲೂ ಆದಷ್ಟು ಇದೇ ನಡೀಬೇಕು ಅಂತ. ಟೀವಿ ಮುಂದೆ ಚಪ್ಪಾಳೆ ಹೊಡಿಯೋರು ಯಾರೂ ಈ 16ರಲ್ಲಿ ಒಂದನ್ನೂ ಕೇಳಿರಲ್ಲ.

ಕಾಲಿಗೆ ಹೊಡೆದ್ರೆ ಸುದ್ದಿ ಆಗತ್ತೆ, ಶಿಕ್ಷೆ ಆಗೋದು ಕೋರ್ಟಲ್ಲಿ. ಅಲ್ಲಿ ಏನಾಗತ್ತೆ ಅನ್ನೋದಕ್ಕೆ ಕಂಬಾಲಪಲ್ಲಿ. ಚಿಂತಾಮಣಿ ತಾಲ್ಲೂಕು, 2000ದ ಮಾರ್ಚ್ 11, ಏಳು ಜನ ದಲಿತರನ್ನ ಮನೆಗೆ ಬೆಂಕಿ ಇಟ್ಟು ಜೀವಂತ ಸುಟ್ರು. ಬಂದೂಕ ಇಲ್ಲ, ಪಿಸ್ತೂಲು ಇಲ್ಲ. ದೇಶವೇ ಬೆಚ್ಚಿಬಿತ್ತು, ಮಂತ್ರಿಗಳು ಬಂದ್ರು, ಪರಿಹಾರ ಘೋಷಣೆ ಆಯ್ತು, ಪೊಲೀಸ್ ಪಹರೆ ಬಂತು. ಆಮೇಲೆ ಕೋರ್ಟಲ್ಲಿ ಸಾಕ್ಷಿಗಳು ಒಬ್ಬೊಬ್ರೇ ತಿರುಗಿಬಿದ್ರು, ನಾನೇನೂ ನೋಡಿಲ್ಲ, ಯಾರು ಅಂತ ಗೊತ್ತಿಲ್ಲ. ತಿರುಗಿಬೀಳದೆ ಇನ್ನೇನು ಮಾಡ್ತಾರೆ, ಅದೇ ಊರಲ್ಲಿ ಬದುಕ್ಬೇಕಲ್ಲ, ಅವ್ರ ಹೊಲಕ್ಕೇ ಕೂಲಿಗೆ ಹೋಗ್ಬೇಕಲ್ಲ. 2006ರಲ್ಲಿ ಆರೋಪಿಗಳೆಲ್ಲ ಖುಲಾಸೆ, 2014ರಲ್ಲಿ ಹೈಕೋರ್ಟೂ ಅದನ್ನೇ ಎತ್ತಿಹಿಡೀತು. ಏಳು ಜನ ಸುಟ್ಟೋಗಿದ್ದು ಸತ್ಯ, ಸುಟ್ಟೋರು ಯಾರೂ ಇಲ್ಲ ಅಂತಾಯ್ತು. ಪೊಲೀಸ್ ಸ್ಟೇಷನ್ ಸಂಖ್ಯೆ, ಪಿಸ್ತೂಲು, ಗೂಂಡಾ ಕಾಯ್ದೆ, ರೌಡಿ ಪರೇಡು, ಇದ್ರಲ್ಲಿ ಯಾವ್ದು ಇದ್ದಿದ್ರೆ ಆ ತೀರ್ಪು ಬೇರೆ ಆಗ್ತಿತ್ತು ಹೇಳಿ.

ಸಾಕ್ಷಿ ರಕ್ಷಣೆ ಅನ್ನೋದು ಯಾವ ಪಾರ್ಟಿ ಭಾಷಣದಲ್ಲೂ ಬರಲ್ಲ, ಅದ್ರಲ್ಲಿ ಓಟಿಲ್ಲ. 2018ರಲ್ಲಿ ಸುಪ್ರೀಂ ಕೋರ್ಟೇ ಒಂದು ಯೋಜನೆಗೆ ಒಪ್ಪಿಗೆ ಕೊಟ್ಟು ಸಂಸತ್ತೋ ರಾಜ್ಯಗಳೋ ಕಾಯ್ದೆ ಮಾಡೋವರೆಗೆ ಇದೇ ಕಾನೂನು ಅಂತು, 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 398ನೇ ಸೆಕ್ಷನ್ ಪ್ರತಿ ರಾಜ್ಯನೂ ಇಂಥ ಯೋಜನೆ ಮಾಡ್ಲೇಬೇಕು ಅನ್ನತ್ತೆ. 2018ರ ಯೋಜನೆ ಪ್ರಕಾರ ಜಿಲ್ಲಾ ನ್ಯಾಯಾಧೀಶರ ಅಧ್ಯಕ್ಷತೆಲಿ ಜಿಲ್ಲೆಗೊಂದು ಸಮಿತಿ ಇರತ್ತೆ, ಹೆದರಿದ ಸಾಕ್ಷಿ ಅಲ್ಲಿಗೆ ಅರ್ಜಿ ಹಾಕ್ಬೇಕು, ನಿಜವಾಗ್ಲೂ ಬೆದರಿಕೆ ಇದ್ಯಾ ಅಂತ ಐದು ಕೆಲಸದ ದಿನದೊಳಗೆ ವರದಿ ಬರ್ಬೇಕು, ಅದಾದ್ಮೇಲೆ ಕಾವಲು, ಬೇರೆ ಕಡೆ ವಾಸ, ಏನು ಬೇಕೋ ಅದು. ಆ ವರದಿ ಬರೆಯೋರು ಅದೇ ಸಬ್‌ಡಿವಿಜನ್ ಡಿವೈಎಸ್ಪಿ.